ಸೈಕಲ್ ಲೈಟ್ ಕೈಕೊಟ್ರ ಎಲ್ಲಿಂದ ನೋಡ್ಬೇಕು: ಹತ್ತಂಗಿಲ್ಲ, ಮಿಣುಕ್ತೈತಿ, ಚಾರ್ಜ್ ನಿಲ್ಲಂಗಿಲ್ಲ, ನೀರು ಹೊಕ್ಕೈತಿ

ನಮ್ಮ ಕಡೆ ರಾತ್ರಿ ಸೈಕಲ್ ಹೊಡಿಯೋ ಮಂದಿ ಮೂರು ನಮೂನಿ. ತೋರಣಗಲ್ಲು, ಗಿಣಿಗೇರಾ, ಶಕ್ತಿನಗರ ಕಡೆ ಶಿಫ್ಟಿಗೆ ಹೋಗೋರು, ರಾತ್ರಿ ತ್ರೀ ಫೇಸ್ ಕರೆಂಟ್ ಕೊಟ್ಟಾಗ ಮೋಟರ್ ಚಾಲು ಮಾಡಾಕ ಹೊಲಕ್ಕ ಹೋಗೋರು, ಮತ್ತ ಈಗೀಗ ಗೇರ್ ಸೈಕಲ್ ತಗೊಂಡು ನಸುಕಿನ್ಯಾಗ ಎದ್ದು ಬಿಸಿಲು ಏರೋದ್ರೊಳಗ ಮನಿಗೆ ಹೊಳ್ಳಿ ಬರೋರು. ಮೊದಲನೆಯೋರ ಹತ್ರ ಹಳೇ ಡೈನಮೋ ಇಲ್ಲಾ ಸೆಲ್ಲಿನ ಬ್ಯಾಟ್ರಿ, ಕಡೆಯೋರ ಹತ್ರ ಯುಎಸ್‌ಬಿ ಲೈಟು. ಲೈಟು ಬ್ಯಾರೆ ಇರಬಹುದು, ಕೆಡೋ ಜಾಗ ಮಾತ್ರ ಹೆಚ್ಚುಕಮ್ಮಿ ಒಂದ.

ಲೈಟ್ ಹತ್ತಲಿಲ್ಲ ಅಂದ ಕೂಡ್ಲೆ "ಎಲ್‌ಇಡಿ ಹೋತು" ಅಂತಾರ. ಎಲ್‌ಇಡಿ ಅಷ್ಟು ಸುಲಭಕ್ಕ ಹೋಗಂಗಿಲ್ರಿ, ಶಾಖ ಸರಿಯಾಗಿ ಹೊರಗ ಹೋಗೋ ಹಂಗ ಇದ್ರ ಸಾವಿರಾರು ತಾಸು ಉರಿತೈತಿ. ಹೋಗಿರೋದು ಕೇಬಲ್ಲು, ಸೆಲ್ಲು, ಸ್ಪ್ರಿಂಗು, ಸ್ವಿಚ್ಚು, ಇಲ್ಲಾ ನಮ್ಮೂರ ಧೂಳು ತಿಂದ ಚಾರ್ಜಿಂಗ್ ಪೋರ್ಟು. ಇವು ಎಲ್ಲಾ ರೊಕ್ಕ ಇಲ್ದ ನೋಡೋವು, ಬಿಚ್ಚೋದೂ ಬೇಕಾಗಂಗಿಲ್ಲ. ಅದಕ್ಕ ಪ್ರತಿ ಕಡೆನೂ ಪುಕ್ಕಟೆ ಚೆಕ್ ಮೊದಲು, ಮೀಟರ್ ಆಮ್ಯಾಲ, ಬೆಸುಗೆ ಕಡೀಕ ಅಂತ ಬರ್ದೀನಿ.

ಇವು ಕಂಡ್ರ ಕೈ ಹಚ್ಚಬ್ಯಾಡ್ರಿ

ಲಿಥಿಯಂ ಬ್ಯಾಟರಿ ಉಬ್ಬಿದ್ರ, ಲೈಟಿನ ಮೈ ಬಾಯಿ ಬಿಟ್ಟಂಗ ಆಗಿದ್ರ, ಸಿಹಿ ಸಿಹಿ ಥಿನ್ನರ್ ಥರ ವಾಸನಿ ಬಂದ್ರ, ಚಾರ್ಜಿಗೆ ಹಾಕಿದಾಗ ಕೈಯಾಗ ಹಿಡಿಯಾಕ ಆಗಲಾರದಷ್ಟು ಬಿಸಿ ಆದ್ರ, ಸೆಲ್ಲಿನ ಮ್ಯಾಲಿನ ಪ್ಲಾಸ್ಟಿಕ್ ಹರಿದು ಒಳಗಿನ ಲೋಹ ಕಂಡ್ರ, ಅಲ್ಲಿಗೆ ನಿಲ್ಲಿಸಿಬಿಡ್ರಿ. ಚಾರ್ಜಿನ್ಯಾಗ ಇದ್ರ ಮೊದಲು ಗೋಡಿ ಸ್ವಿಚ್ ಬಂದ್ ಮಾಡ್ರಿ, ಆಮ್ಯಾಲ ವೈರ್ ಕೀಳ್ರಿ. ಲೈಟ್ ತಗೊಂಡು ಹೊರಗ ಮಣ್ಣಿನ ಮ್ಯಾಲ, ಸುಡೋ ಸಾಮಾನು ಯಾವುದೂ ಹತ್ರ ಇಲ್ದ ಕಡೆ ಇಡ್ರಿ. ಉಬ್ಬಿದ್ದನ್ನ ಚುಚ್ಚಿ ಗಾಳಿ ತೆಗಿತೀನಿ ಅನ್ನೋ ಶಾಣ್ಯಾತನ ಬ್ಯಾಡ, ಚುಚ್ಚಿದ್ರ ಬೆಂಕಿ ಹತ್ತತೈತಿ. ಹೊಗಿ ಬರಾಕ ಶುರುವಾಗಿದ್ರ ಹತ್ರ ಹೋಗಬ್ಯಾಡ್ರಿ, ಆ ಹೊಗಿ ವಿಷ. ಕಸದ ಗಾಡಿಗೂ ಹಾಕಬ್ಯಾಡ್ರಿ, ಇ-ವೇಸ್ಟ್ ತಗೊಳ್ಳೋರ ಕಡೆ ಕೊಡ್ರಿ.

ಇನ್ನೊಂದು ಐತಿ, ಹಿಂದಿನ ಲೈಟಿಗೆ ಹಾಕೋ ಸಿಆರ್2032 ಬಿಲ್ಲೆ ಸೆಲ್ಲು. ಸಣ್ಣ ಹುಡುಗರು ನುಂಗಿದ್ರ ಗಂಟಲು ಒಳಗಿಂದೊಳಗ ಸುಟ್ಟುಬಿಡ್ತೈತಿ, ಎರಡು ತಾಸಿನ್ಯಾಗ ಗಾಯ ಆಗಬಹುದು. "ನಾಳೆ ಬೆಳಿಗ್ಗೆ ಹೊರಕಡೀಗೆ ಬರ್ತೈತಿ ಬಿಡು" ಅಂತ ಕಾಯೋದಲ್ಲ, ಆಗಿಂದಾಗ ಆಸ್ಪತ್ರಿಗೆ ಒಯ್ಯಬೇಕು.

ಬಟನ್ ಒತ್ತಿದ್ರೂ ಹತ್ತಂಗ ಇಲ್ಲ

ಮೊದಲು ಲಾಕ್ ನೋಡ್ರಿ. ಭಾಳಷ್ಟು ಯುಎಸ್‌ಬಿ ಲೈಟಿನ್ಯಾಗ ಬ್ಯಾಗಿನೊಳಗ ತಾನಾಗೆ ಹತ್ತಬಾರದು ಅಂತ ಲಾಕ್ ಇಟ್ಟಿರ್ತಾರ, ನಮಗೆ ಗೊತ್ತಿಲ್ದ ಬಟನ್ ಉದ್ದಕ ಒತ್ತಿ ಲಾಕ್ ಮಾಡಿಬಿಟ್ಟಿರ್ತೀವಿ. ಮೂರ್ನಾಲ್ಕು ಸೆಕೆಂಡ್ ಒತ್ತಿ ಹಿಡೀರಿ, ಎರಡು ಸಲ ಪಟಪಟ ಒತ್ತಿ ನೋಡ್ರಿ, ಚಾರ್ಜರಿಗೆ ಒಮ್ಮಿ ಚುಚ್ಚಿ ತೆಗೀರಿ. ಹೊಸಾ ಲೈಟ್ ಆದ್ರ ಸೆಲ್ಲಿನ ನಡುವ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿ ಉಳಿದೈತೇನು ನೋಡ್ರಿ, ನಗಬ್ಯಾಡ್ರಿ, ಇದಕ್ಕಂತನ ಅಂಗಡಿಗೆ ವಾಪಸ್ ಬರೋ ಲೈಟು ಭಾಳ.

ಆಮ್ಯಾಲ ಮೊಬೈಲ್ ಚಾರ್ಜ್ ಆಗೋದು ಖಾತ್ರಿ ಇರೋ ಕೇಬಲ್ ಹಾಕಿ ಅರ್ಧ ತಾಸು ಬಿಡ್ರಿ. ಪೂರಾ ಇಳಿದ ಬ್ಯಾಟರಿ ಮೊದಲ ಐದು ನಿಮಿಷ ಯಾವ ಲೈಟೂ ತೋರಿಸದ ಸುಮ್ನ ಇರಬಹುದು, ಸತ್ತೈತಿ ಅನ್ಕೋಬ್ಯಾಡ್ರಿ.

ಸೆಲ್ ಹಾಕೋ ನಮೂನಿ ಆದ್ರ ಎಲ್ಲಾ ಸೆಲ್ ಹೊರಗ ತೆಗೀರಿ. ಪ್ಲಸ್ ಮೈನಸ್ ಉಲ್ಟಾ ಹಾಕಿದೀವೇನು ನೋಡ್ರಿ. ಹಳೇ ಸೆಲ್ ಜೋಡಿ ಹೊಸಾ ಸೆಲ್ ಕಲಸಿ ಹಾಕಬ್ಯಾಡ್ರಿ, ಹಳೇದು ಮೊದಲು ಬಸಿದು ಹೋಗಿ ಸೋರ್ತೈತಿ. ಸ್ಪ್ರಿಂಗ್ ಮ್ಯಾಲ ಬಿಳೀ ಪುಡಿ ಕಂಡ್ರ ಅದು ಅಲ್ಕಲೈನ್ ಸೆಲ್ ಸೋರಿದ್ದು, ಕೈಗೆ ಕಣ್ಣಿಗೆ ತಾಗಬಾರದು. ಹತ್ತಿ ಸುತ್ತಿದ ಕಡ್ಡಿಗೆ ಒಂದು ಹನಿ ವಿನೆಗರ್ ಇಲ್ಲಾ ನಿಂಬೆಹಣ್ಣಿನ ರಸ ಹಚ್ಚಿ ಒರಸ್ರಿ, ನೊರೆ ಬಂದು ನಿಂತ ಮ್ಯಾಲ ಹಸಿ ಬಟ್ಟೀಲೆ ಒಮ್ಮಿ ಒರಸಿ ಪೂರಾ ಒಣಗಿಸ್ರಿ. ಹಸಿರು ಕಿಲುಬು ಇದ್ರ ಹುಡುಗರ ಪೆನ್ಸಿಲ್ ರಬ್ಬರ್‌ಲೆ ತಿಕ್ರಿ, ಹೋಗಲಿಲ್ಲ ಅಂದ್ರ ನಯವಾದ ಪಾಲಿಶ್ ಪೇಪರ್‌ಲೆ ಹಗೂರಕ ತಿಕ್ರಿ. ಸ್ಪ್ರಿಂಗ್ ಕುಗ್ಗಿದ್ರ ಸ್ವಲ್ಪ ಎಳದು ಉದ್ದ ಮಾಡ್ರಿ. ಬೆಳ್ಳಿ ಹಾಳಿ (ಅಲ್ಯೂಮಿನಿಯಂ ಫಾಯಿಲ್) ಮಡಚಿ ತುರುಕೋದು ಒಂದು ಹಳೇ ಚಟ, ರಿಮೋಟಿಗೆ ನಡೀತೈತಿ, ಲಿಥಿಯಂ ಸೆಲ್ಲಿಗೆ ಮಾತ್ರ ಬ್ಯಾಡ, ಹಾಳಿ ಸರದು ಶಾರ್ಟ್ ಆದ್ರ ಸೆಲ್ ಬೆಂಕಿ ಉಗುಳ್ತೈತಿ.

ಟಾರ್ಚ್ ನಮೂನಿ ಲೈಟಿಗೆ ಸ್ವಿಚ್ ಹಿಂದಿನ ಮುಚ್ಚಳದಾಗ ಇರ್ತೈತಿ. ಆ ಮುಚ್ಚಳ ಬಿಚ್ಚಿ, ಸೆಲ್ಲಿನ ಕಾಣೋ ತುದಿಯಿಂದ ಅಲ್ಯೂಮಿನಿಯಂ ಮೈಯ ಅಂಚಿಗೆ ಒಂದು ಸಣ್ಣ ವೈರ್ ತುಂಡು ಒಂದು ಸೆಕೆಂಡ್ ಮುಟ್ಟಿಸ್ರಿ. ಹತ್ತಿದ್ರ ಸೆಲ್ಲು ಸರಿ, ಎಲ್‌ಇಡಿ ಸರಿ, ಹೋಗಿದ್ದು ಸ್ವಿಚ್ಚು. ಅಂಚಿನ್ಯಾಗ ಬಣ್ಣ ಇದ್ರ ಕರೆಂಟ್ ಹರಿಯಂಗಿಲ್ಲ, ಬಣ್ಣ ಇಲ್ದ ಲೋಹಕ್ಕ ಮುಟ್ಟಿಸ್ಬೇಕು. ಮುಚ್ಚಳದ ತಿರುಗಣಿಯೂ ಕರೆಂಟ್ ಹರಿಯೋ ದಾರಿನ, ಅಲ್ಲಿ ಕಪ್ಪು ಜಿಡ್ಡು ಕೂತ್ರ ಲೈಟ್ ಹತ್ತಂಗಿಲ್ಲ, ಬಟ್ಟೀಲೆ ಒರಸಿದ್ರ ಅರ್ಧ ಕೇಸು ಅಲ್ಲೇ ಮುಗೀತಾವ.

ಇಷ್ಟಾದ್ರೂ ಹತ್ತಲಿಲ್ಲ ಅಂದ್ರ ಮಲ್ಟಿಮೀಟರ್ ಬೇಕು. ಸಾದಾ ಮೀಟರ್ ಸಾಕು, ಡಿಸಿ 20 ವೋಲ್ಟಿಗೆ ಇಟ್ಟು ಸೆಲ್ ನೋಡ್ರಿ. 18650 ಅನ್ನೋ ಲಿಥಿಯಂ ಸೆಲ್ಲು, ಅಂದ್ರ 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ್ದು, ಪೂರಾ ತುಂಬಿದ್ರ 4.2 ವೋಲ್ಟ್ ತೋರಿಸ್ಬೇಕು, ನಡುವ 3.6-3.7, 3.0 ಹತ್ರ ಬಂದ್ರ ಖಾಲಿ. 2.5ಕ್ಕಿಂತ ಕೆಳಗ ಭಾಳ ದಿನ ಬಿದ್ದಿದ್ದ ಸೆಲ್ಲನ್ನ ಹೊಳ್ಳಿ ಚಾರ್ಜ್ ಮಾಡಿ ಬದುಕಿಸೋ ಆಸಿ ಬಿಡ್ರಿ. ಪೂರಾ ಸೊನ್ನಿ ತೋರಿಸಿದ್ರ ಸೆಲ್ಲಿನ ಒಳಗಿನ ರಕ್ಷಣಾ ಸರ್ಕ್ಯೂಟ್ ಕಟ್ ಆಗಿರಬಹುದು, ಅದನ್ನ ಗೊತ್ತಿರೋ ರಿಪೇರಿಯವರಿಗೆ ತೋರಿಸ್ರಿ. ಸಾದಾ 1.5 ವೋಲ್ಟ್ ಸೆಲ್ಲು ಸುಮ್ನ ಇದ್ದಾಗ 1.2 ತೋರಿಸಿದ್ರ ಮುಗೀತು, ಬದಲಿಸ್ರಿ.

ಸೆಲ್ಲು 4 ವೋಲ್ಟ್ ಐತಿ, ಸ್ವಿಚ್ ದಾಟಿಸಿ ನೋಡಿದ್ರೂ ಕತ್ತಲ ಐತಿ ಅಂದಾಗ ಮಾತ್ರ ಡ್ರೈವರ್ (ಎಲ್‌ಇಡಿಗೆ ಕರೆಂಟ್ ಹದ ಮಾಡಿ ಕೊಡೋ ಸರ್ಕ್ಯೂಟ್) ಇಲ್ಲಾ ಎಲ್‌ಇಡಿ ಮ್ಯಾಲ ಸಂಶಯ ಪಡ್ರಿ. ಅದು ಬೆಸುಗೆ ಕೆಲಸ, ಅಗ್ಗದ ಲೈಟಿಗೆ ರಿಪೇರಿ ಖರ್ಚು ಲೈಟಿನ ರೇಟನ್ನ ದಾಟ್ತೈತಿ.

ಗುಂಡಿಗೆ ಬಿದ್ದಾಗ ಮಿಣುಕ್ತೈತಿ, ಇಲ್ಲಾ ಬಂದ್ ಆಕ್ಕೈತಿ

ಮಿಣುಕೋ ರೀತಿನ ಅರ್ಧ ಉತ್ತರ. ಒಂದ ತಾಳದಾಗ ಮಿಣುಕಿದ್ರ ಅದು ಬ್ಯಾಟರಿ ಇಳಿದ ಸೂಚನೆ, ಇಲ್ಲಾ ಬ್ಲಿಂಕ್ ಮೋಡ್‌ನ್ಯಾಗ ಬಿದ್ದೈತಿ. ತಾಳ ಇಲ್ದ, ರಸ್ತಿ ಕುಲುಕಿದಾಗ ಮಾತ್ರ ಮಿಣುಕಿದ್ರ ಎಲ್ಲೋ ಜೋಡಣಿ ಸಡಿಲ. ಸೈಕಲ್ ನಿಲ್ಲಿಸಿ ಲೈಟ್ ಹಚ್ಚಿ, ಲೈಟಿನ ಮೈ ಮ್ಯಾಲ ಬೆರಳಿನ ಗಂಟಿಲೆ ಮೆಲ್ಲಗ ಬಡೀರಿ. ಮುಂದ ಬಡಿದಾಗ ಮಿಣುಕಿದ್ರ ಎಲ್‌ಇಡಿ ಬೋರ್ಡಿನ ಬೆಸುಗೆ, ಹಿಂದ ಬಡಿದಾಗ ಮಿಣುಕಿದ್ರ ಸ್ಪ್ರಿಂಗು ಸ್ವಿಚ್ಚು, ವೈರ್ ಅಲುಗಾಡಿಸಿದಾಗ ಮಿಣುಕಿದ್ರ ವೈರಿನ ಬುಡ. ವೈರು ಹ್ಯಾಂಡಲ್ ತಿರುಗೋ ಕಡೆ, ಬುಡದಾಗ ಹರಿತೈತಿ, ಮ್ಯಾಲಿಂದ ಪ್ಲಾಸ್ಟಿಕ್ ಚಂದ ಕಾಣ್ತಿದ್ರೂ ಒಳಗ ತಂತಿ ತುಂಡಾಗಿರ್ತೈತಿ.

18650 ಹಾಕೋರಿಗೆ ಒಂದು ಮಾತು. ರಕ್ಷಣಾ ಸರ್ಕ್ಯೂಟ್ ಇರೋ ಸೆಲ್ಲು ಮೂರ್ನಾಲ್ಕು ಮಿ.ಮೀ. ಉದ್ದ ಇರ್ತೈತಿ, ಇಲ್ದದ್ದು ಗಿಡ್ಡ, ಅದ್ರಾಗೂ ತಲಿ ಚಪ್ಪಟ ಇರೋವು ಅದಾವ, ಗುಬಟಿ ಇರೋವು ಅದಾವ. ಗುಬಟಿ ಸೆಲ್ಲಿಗೆ ಅಂತ ಮಾಡಿದ ಲೈಟಿಗೆ ಚಪ್ಪಟ ಸೆಲ್ ಹಾಕಿದ್ರ ಮನಿಯಾಗ ಹತ್ತತೈತಿ, ರೋಡಿನ ಹಂಪ್ ಮ್ಯಾಲ ಕುಲುಕಿದಾಗ ಬಂದ್ ಆಕ್ಕೈತಿ. ಕುಷ್ಟಗಿ ಕಡೆಯಿಂದ ಹೈವೇ ಸರ್ವಿಸ್ ರೋಡಿನ್ಯಾಗ ಬರೋವಾಗ ಹಂಪ್ ಮ್ಯಾಲ ಒಮ್ಮಿ ಕತ್ತಲಾದ್ರ ಹಿಂದಿನ ಟಿಪ್ಪರ್ ಡ್ರೈವರಿಗೆ ನೀವು ಕಾಣಂಗಿಲ್ಲ, ಅದಕ್ಕ ಇದನ್ನ ಸಣ್ಣ ದೋಷ ಅಂತ ಮುಂದೂಡಬ್ಯಾಡ್ರಿ.

ಲೈಟ್ ಸರಿ ಐತಿ, ಬೆಳಕಷ್ಟ ಕುಣಿತೈತಿ ಅಂದ್ರ ಕ್ಲಾಂಪ್ ಸಡಿಲ. ನಮ್ಮ ಬಿಸಿಲಿಗೆ ರಬ್ಬರ್ ಪಟ್ಟಿ ಒಂದೆರಡು ಬ್ಯಾಸಿಗಿಗೆ ಬಿರುಕು ಬಿಡ್ತೈತಿ. ಹಳೇ ಟ್ಯೂಬಿನ ಒಂದು ತುಂಡು ಕತ್ತರಿಸಿ ಹ್ಯಾಂಡಲ್ಲಿಗೆ ಸುತ್ತಿ ಅದರ ಮ್ಯಾಲ ಕ್ಲಾಂಪ್ ಬಿಗೀರಿ, ಖರ್ಚು ಸೊನ್ನಿ. ಪಂಚರ್ ಅಂಗಡಿಯವರು ಕೇಳಿದ್ರ ಸುಮ್ನ ಕೊಡ್ತಾರ.

ಹಚ್ಚಿದಾಗ ಜೋರು, ಹತ್ತು ನಿಮಿಷಕ್ಕ ಮಬ್ಬು

ಇಲ್ಲಿ ಎರಡು ಕಾರಣ, ಎರಡನ್ನೂ ಬ್ಯಾರೆ ಮಾಡಿ ನೋಡ್ಬೇಕು: ಒಂದು ಶಾಖ, ಇನ್ನೊಂದು ಬ್ಯಾಟರಿ.

ಜೋರು ಬೆಳಕಿನ ಲೈಟು ಬಿಸಿ ಆದ ಕೂಡ್ಲೆ ತನ್ನಷ್ಟಕ್ಕ ಬೆಳಕು ಕಡಿಮಿ ಮಾಡ್ಕೋತೈತಿ, ಅದು ರೋಗ ಅಲ್ಲ, ಎಲ್‌ಇಡಿ ಸುಡಬಾರದು ಅಂತ ಇಟ್ಟ ವ್ಯವಸ್ಥಾ. ಮನಿಯಾಗ ಟೇಬಲ್ ಮ್ಯಾಲ ಇಟ್ಟು ಟೆಸ್ಟ್ ಮಾಡಿ "ಲೈಟ್ ಡೌನ್ ಆಕ್ಕೈತಿ" ಅನ್ನೋರು ಭಾಳ ಮಂದಿ, ಅಲ್ಲಿ ಗಾಳಿನ ಇಲ್ಲ, ಡೌನ್ ಆಗದ ಇನ್ನೇನು ಆಗಬೇಕು. ಫ್ಯಾನ್ ಮುಂದ ಇಟ್ಟು ಹೊಳ್ಳಿ ನೋಡ್ರಿ. ಗಾಳಿ ಬಂದಾಗ ಜೋರು ಉಳಿದ್ರ ಶಾಖದ್ದು. ರಾಯಚೂರಾಗ ಏಪ್ರಿಲ್-ಮೇದಾಗ ಹೊತ್ತು ಮುಳುಗಿ ಎರಡು ತಾಸಾದ್ರೂ ಡಾಂಬರು ಬಿಸಿನ ಇರ್ತೈತಿ, ಆ ದಿನಗಳಾಗ ಜೋರು ಮೋಡ್ ಬಿಟ್ಟು ನಡುವಿನ ಮೋಡ್‌ನ್ಯಾಗ ಹೋಗ್ರಿ, ಕಣ್ಣಿಗೆ ವ್ಯತ್ಯಾಸ ಅಷ್ಟು ತಿಳಿಯಂಗಿಲ್ಲ, ಬ್ಯಾಟರಿ ಮಾತ್ರ ಎರಡು ಪಟ್ಟು ಬರ್ತೈತಿ.

ಫ್ಯಾನ್ ಮುಂದ ಇಟ್ರೂ ಮಬ್ಬಾದ್ರ ಬ್ಯಾಟರಿ. ಪೂರಾ ಚಾರ್ಜ್ ಮಾಡಿ, ಜೋರು ಮೋಡ್‌ನ್ಯಾಗ ಎಷ್ಟು ಹೊತ್ತು ಉರಿತೈತಿ ಗಡಿಯಾರ ಹಿಡಿದು ನೋಡ್ರಿ. ಹೊಸದಿದ್ದಾಗಿನ ಅರ್ಧಕ್ಕಿಂತ ಕಡಿಮಿ ಆಗಿದ್ರ ಸೆಲ್ ಹಳೇದಾಗೈತಿ.

ಆದ್ರ ಹೊಸದಿದ್ದಾಗಿಂದನ ಹಂಗ ಇದ್ರ? ಆಗ ಡಬ್ಬಿ ಮ್ಯಾಲ ಬರ್ದಿದ್ದನ್ನ ಲೆಕ್ಕ ಹಾಕಿ ನೋಡ್ರಿ. ಒಂದು ಒಳ್ಳೆ 18650 ಸೆಲ್ಲು 3000 ಎಂಎಎಚ್ (ಸೆಲ್ಲು ಎಷ್ಟು ಚಾರ್ಜ್ ಹಿಡಿತೈತಿ ಅನ್ನೋ ಅಳತಿ) ಅಂದ್ರ, 3.6 ವೋಲ್ಟಿಗೆ ಗುಣಿಸಿದ್ರ 10.8 ವ್ಯಾಟ್-ತಾಸು. ಒಂದು ವ್ಯಾಟಿಗೆ ಸುಮಾರು 100 ಲ್ಯೂಮೆನ್ (ಬೆಳಕಿನ ಅಳತಿ) ಹಿಡೀರಿ, ಅಲ್ಲಿಗೆ 1000 ಲ್ಯೂಮೆನ್ ಬೆಳಕು ಒಂದು ತಾಸು, ಇಲ್ಲಾ 500 ಲ್ಯೂಮೆನ್ ಎರಡು ತಾಸು, ಅಷ್ಟ. ಛಲೋ ಎಲ್‌ಇಡಿ ಇದ್ರ ಸ್ವಲ್ಪ ಹೆಚ್ಚು ಬರಬಹುದು. ಒಂದ ಸೆಲ್ಲಿನ ಲೈಟಿಗೆ "1000 ಲ್ಯೂಮೆನ್, 6 ತಾಸು" ಅಂತ ಬರ್ದಿದ್ರ ಎರಡ್ರಾಗ ಒಂದು ಸುಳ್ಳು, ಹೆಚ್ಚಾಗಿ ಎರಡೂ ಸುಳ್ಳು. ಸೆಲ್ಲಿನ ಮ್ಯಾಲ 9900 ಎಂಎಎಚ್ ಅಂತ ಇದ್ರ ಅದು ಪೂರಾ ಬೋಗಸ್, ಈ ಅಳತಿ ಸೆಲ್ಲು ಸಾಮಾನ್ಯವಾಗಿ 3500ರ ಸುತ್ತಮುತ್ತ ನಿಲ್ತೈತಿ. ಕಿರಾಣಿ ಅಂಗಡಿ ಡಿಜಿಟಲ್ ತಕ್ಕಡಿ ಮ್ಯಾಲ ಇಟ್ಟು ನೋಡ್ರಿ, ಖರೇ ಸೆಲ್ಲು 45ರಿಂದ 50 ಗ್ರಾಂ ತೂಗ್ತೈತಿ, ಮೂವತ್ತರ ಆಸುಪಾಸು ತೂಗಿದ್ರ ಒಳಗ ಮಾಲ ಇಲ್ಲ.

ಚಾರ್ಜ್ ಆಗಂಗಿಲ್ಲ, ಇಲ್ಲಾ ಹಾಕಿದ ಕೂಡ್ಲೆ ಹಸಿರು ಲೈಟ್ ಬರ್ತೈತಿ

ಗಂಗಾವತಿ ರೈಸ್ ಮಿಲ್ಲಿನ್ಯಾಗ ಕೆಲಸ ಮಾಡೋ ಒಬ್ಬ ಹುಡುಗ ಲೈಟ್ ತಂದಿದ್ದ. "ಅಣ್ಣಾ, ಚಾರ್ಜರ್ ಪಿನ್ ಹೋಗೈತಿ, ಬದಲಿಸಿ ಕೊಡು" ಅಂದ. ಪೋರ್ಟಿಗೆ ಮೊಬೈಲ್ ಟಾರ್ಚ್ ಹಿಡಿದು ನೋಡಿದ್ರ ಒಳಗ ಪಿನ್ನ ಕಾಣವಲ್ದು, ಭತ್ತದ ತೌಡಿನ ಧೂಳು ಬೆವರಿನ ಪಸಿಗೆ ಗಟ್ಟಿಯಾಗಿ ಕಂದು ಬಣ್ಣದ ಕಂಬಳಿ ತುಂಡಿನಂಗ ಕೂತಿತ್ತು. ಹಲ್ಲುಕಡ್ಡಿ ತುದಿ ಬ್ಲೇಡಿಲೆ ಚಪ್ಪಟ ಮಾಡಿ ಒಂದು ಬದಿಯಿಂದ ಮೆಲ್ಲಗ ಎಬ್ಬಿಸಿದ್ರ ಪೋರ್ಟಿನ ಅಚ್ಚಿನಂಗ ಒಂದ ತುಂಡಾಗಿ ಹೊರಗ ಬಂತು. ಕೇಬಲ್ ಹಾಕಿದ್ರ ಟಕ್ ಅಂತ ಕೂತು ಕೆಂಪು ಲೈಟ್ ಹತ್ತಿತು. "ಇಷ್ಟನಾ" ಅಂದ. ಇಷ್ಟ.

ಅದಕ್ಕ ಮೊದಲು ಪೋರ್ಟ್ ನೋಡ್ರಿ. ಕಟ್ಟಿಗಿ ಕಡ್ಡಿ ಇಲ್ಲಾ ಪ್ಲಾಸ್ಟಿಕ್ ಕಡ್ಡಿ ಮಾತ್ರ, ಸೂಜಿ ಪಿನ್ನು ಬ್ಯಾಡ. ಬಾಯಿಲೆ ಊದಬ್ಯಾಡ್ರಿ, ಎಂಜಲು ಹೋಗ್ತೈತಿ. ಮ್ಯಾಗ್ನೆಟ್ ಚಾರ್ಜಿಂಗ್ ಲೈಟ್ ಇರೋರು ಫ್ಯಾಬ್ರಿಕೇಶನ್ ಶೆಡ್ಡಿನ್ಯಾಗ ಕೆಲಸ ಮಾಡ್ತಿದ್ರ ಕಬ್ಬಿಣದ ಚೂರು ಅದಕ್ಕ ಅಂಟ್ಕೊಂಡು ಶಾರ್ಟ್ ಆಗಬಹುದು, ಸೆಲ್ಲೋ ಟೇಪ್ ಅಂಟಿಸಿ ಕಿತ್ರ ಚೂರು ಬರ್ತಾವ.

ಎರಡನೇದು ಟೈಪ್-ಸಿ ತಂಟೆ. ಪೋರ್ಟ್ ಟೈಪ್-ಸಿ ಐತಿ, ಮೊಬೈಲಿನ ಹೊಸಾ ಫಾಸ್ಟ್ ಚಾರ್ಜರಿನ ಎರಡೂ ಕಡೆ ಟೈಪ್-ಸಿ ಇರೋ ಕೇಬಲ್ ಹಾಕಿದ್ರ ಲೈಟ್ ಚಾರ್ಜ್ ಆಗಂಗಿಲ್ಲ, ಅದ ಲೈಟಿಗೆ ಒಂದು ಕಡೆ ಹಳೇ ಅಗಲ ಯುಎಸ್‌ಬಿ ಇರೋ ಕೇಬಲ್ ಹಾಕಿದ್ರ ಆಕ್ಕೈತಿ. ಯಾಕಂದ್ರ ಅಗ್ಗದ ಲೈಟಿನ್ಯಾಗ ಚಾರ್ಜರಿಗೆ "ನಾನು ಇಲ್ಲಿ ಅದೀನಿ" ಅಂತ ಹೇಳೋ ಎರಡು ಸಣ್ಣ ರೆಸಿಸ್ಟರ್ ಹಾಕಿರಂಗಿಲ್ಲ, ಅವು ಇಲ್ದ ಸಿ ಚಾರ್ಜರ್ ಕರೆಂಟ್ ಬಿಡಂಗಿಲ್ಲ. ಲೈಟ್ ಕೆಟ್ಟಿಲ್ಲ, ಕೇಬಲ್ ಬದಲಿಸ್ರಿ ಸಾಕು.

ಹಾಕಿದ ಕೂಡ್ಲೆ ಹಸಿರು ಬಂತು, ತೆಗೆದ್ರ ಐದು ನಿಮಿಷನೂ ಉರಿಯಂಗಿಲ್ಲ ಅಂದ್ರ, ಬ್ಯಾಟರಿ ಜೋಡಣಿ ಕಳಚೈತಿ ಇಲ್ಲಾ ಸೆಲ್ ಮುಗದೈತಿ.

ಈಗ ಅಪಾಯದ್ದು. ಬ್ಯಾಟರಿ ಪ್ಯಾಕ್ ಬ್ಯಾರೆ ಚೀಲದಾಗ ಇದ್ದು ವೈರ್ ಬರೋ ಲೈಟುಗಳಿಗೆ ದುಂಡನೆ ಪಿನ್ನಿನ 8.4 ವೋಲ್ಟ್ ಚಾರ್ಜರ್ ಬರ್ತೈತಿ. ಅದು ಕಳೆದ್ರ ಮನಿಯಾಗಿನ ಸೆಟ್‌ಟಾಪ್ ಬಾಕ್ಸಿನ 12 ವೋಲ್ಟ್ ಅಡಾಪ್ಟರಿನ ಪಿನ್ನೂ ಅದಕ್ಕ ಸರಿಯಾಗಿ ಕೂಡ್ತೈತಿ. ಕೂಡ್ತೈತಿ ಅಂತ ಹಾಕಿಬಿಟ್ಟೀರಿ ಮತ್ತ! ಪ್ಯಾಕಿನ ರಕ್ಷಣಾ ಸರ್ಕ್ಯೂಟ್ ಕೈಕೊಟ್ರ ನೇರ ಬೆಂಕಿ. ಅಡಾಪ್ಟರ್ ಮ್ಯಾಲ 8.4 ವೋಲ್ಟ್ ಅಂತ ಓದಿನ ಹಾಕ್ರಿ.

ಚಾರ್ಜಿಂಗ್ ಹೊತ್ತೂ ನೋಡ್ಬೇಕು. ಲಿಥಿಯಂ ಸೆಲ್ಲನ್ನ 45 ಡಿಗ್ರಿಗಿಂತ ಬಿಸಿ ಇದ್ದಾಗ ಚಾರ್ಜ್ ಮಾಡಬಾರದು. ಬಳ್ಳಾರಿ ಬ್ಯಾಸಿಗಿಯಾಗ ತಗಡಿನ ಶೆಡ್ಡಿನೊಳಗ ಮಧ್ಯಾಹ್ನ ಅಷ್ಟು ಬಿಸಿ ಸಹಜ, ಹೊರಗಿಂದ ತಂದ ಲೈಟು ಸ್ವಲ್ಪ ತಣ್ಣಗಾಗಲಿ, ಸಂಜಿ ಮುಂದ ಹಾಕ್ರಿ. ಹಾಸಿಗಿ ಮ್ಯಾಲ, ದಿಂಬಿನ ಕೆಳಗ ಇಟ್ಟು ಮಲಗಬ್ಯಾಡ್ರಿ. ಬಿಸಿಲಿಗೆ ನಿಲ್ಲಿಸಿದ ಸೈಕಲ್ ಮ್ಯಾಲ ಲೈಟ್ ಬಿಡಬ್ಯಾಡ್ರಿ, ಕಳ್ಳತನಕ್ಕಿಂತ ಬಿಸಿಲಿಗೆ ಹಾಳಾಗೋದ ಜಾಸ್ತಿ. ತಿಂಗಳಗಟ್ಟಲೆ ಹಚ್ಚದ ಇಡೋದಿದ್ರ ಅರ್ಧ ಚಾರ್ಜಿನ್ಯಾಗ ತಂಪು ಜಾಗದಾಗ ಇಡ್ರಿ.

ಡೈನಮೋ ತಿರುಗ್ತೈತಿ, ಬಲ್ಬ್ ಹತ್ತಂಗಿಲ್ಲ

ಹಳೇ ಸೈಕಲ್ಲಿನ ಬಾಟಲಿ ಡೈನಮೋ ಸಾಮಾನ್ಯವಾಗಿ 6 ವೋಲ್ಟ್ 3 ವ್ಯಾಟ್, ಮುಂದಿನ ಬಲ್ಬಿಗೆ 2.4, ಹಿಂದಿನದಕ್ಕ 0.6. ಒಂದ ವೈರ್ ಇರ್ತೈತಿ, ವಾಪಸ್ ದಾರಿ ಸೈಕಲ್ಲಿನ ಫ್ರೇಮು. ಹಂಗಾಗಿ ಹೆಚ್ಚಿನ ಸಲ ದೋಷ ಇರೋದು ಅರ್ತಿನ್ಯಾಗ, ಅಂದ್ರ ಈ ವಾಪಸ್ ದಾರಿಯಾಗ: ಸೈಕಲ್ಲಿಗೆ ಹೊಸಾ ಬಣ್ಣ ಹೊಡಿಸಿದ್ರ, ಜಂಗು ಹಿಡಿದಿದ್ರ, ಪ್ಲಾಸ್ಟಿಕ್ ಮಡ್‌ಗಾರ್ಡಿಗೆ ಲೈಟ್ ಕೂಡ್ಸಿದ್ರ ದಾರಿ ಕಟ್ ಆಕ್ಕೈತಿ. ಡೈನಮೋ ಕ್ಲಾಂಪಿನ್ಯಾಗ ಚೂಪು ತುದಿಯ ಒಂದು ಸಣ್ಣ ಸ್ಕ್ರೂ ಐತಲ್ಲ, ಅದು ಬಣ್ಣ ಕೊರೆದು ಲೋಹಕ್ಕ ಮುಟ್ಟಾಕನ ಇರೋದು, ಬಿಗೀರಿ. ಪರೀಕ್ಷೆಗೆ ಬಲ್ಬ್ ಬಿಚ್ಚಿ, ಅದರ ತಳ ಡೈನಮೋ ವೈರ್ ತುದಿಗೆ, ಅದರ ಮೈ ಡೈನಮೋ ಮೈಗೆ ಮುಟ್ಟಿಸಿ, ಇನ್ನೊಬ್ಬರ ಕಡೆ ಚಕ್ರ ತಿರುಗಿಸ್ರಿ. ಹತ್ತಿದ್ರ ಡೈನಮೋ ಸರಿ ಬಲ್ಬ್ ಸರಿ, ಅರ್ತ್ ಕೆಟ್ಟೈತಿ, ಒಂದು ಎರಡನೇ ವೈರ್ ಎಳೆದುಬಿಡ್ರಿ, ಶಾಶ್ವತ ಪರಿಹಾರ.

ಬಲ್ಬ್ ಪದೇ ಪದೇ ಹೋಗ್ತಿದ್ರ ಎರಡ್ರಾಗ ಒಂದು ಮೊದಲ ಹೋಗಿರ್ತೈತಿ ನೋಡ್ರಿ. ಮುಂದಿಂದು ಹೋದ್ರ ಅದರ ಪಾಲಿನ ಕರೆಂಟೂ ಹಿಂದಿನ ಸಣ್ಣ ಬಲ್ಬಿಗೆ ಹೋಗಿ ಇಳಿಜಾರಿನ್ಯಾಗ ಅದೂ ಠುಸ್. ಎಲ್‌ಇಡಿ ಬಲ್ಬ್ ಹಾಕೋದಿದ್ರ ಡೈನಮೋಗೆ ಅಂತ ಇರೋದನ್ನ ಕೇಳಿ ತಗೊಳ್ರಿ, ಡೈನಮೋ ಕೊಡೋದು ಎಸಿ (ದಿಕ್ಕು ಬದಲಿಸ್ತಾ ಹರಿಯೋ ಕರೆಂಟ್), ಸಾದಾ ಎಲ್‌ಇಡಿ ಮಿಣುಕ್ತೈತಿ ಇಲ್ಲಾ ಸುಡ್ತೈತಿ.

ಮಳಿಯಾಗ ಮಬ್ಬಾದ್ರ ಡೈನಮೋದ ಗಾಲಿ ಟೈರಿನ ಮ್ಯಾಲ ಜಾರಾಕತ್ತೈತಿ ಅಂತ, ಟೈರಿನ ಬದಿಗೆ ಎರಿಮಣ್ಣು ಮೆತ್ತಿದ್ರಂತೂ ಕೇಳೋದ ಬ್ಯಾಡ. ಒರಸ್ರಿ, ಡೈನಮೋ ತಲಿಗೆ ರಬ್ಬರ್ ಟೋಪಿ ಹಾಕ್ರಿ, ಡೈನಮೋದ ಉದ್ದ ಗೆರಿ ನೇರ ಚಕ್ರದ ಹಬ್ ನಡುವಿಗೆ ಹೋಗೋ ಹಂಗ ಕೂಡಿಸ್ರಿ. ಕ್ಲಾಂಪ್ ಬೋಲ್ಟ್ ಸಡಿಲ ಇದ್ರ ಮಾತ್ರ ಸೈಕಲ್ ಹತ್ತಲೇಬ್ಯಾಡ್ರಿ, ಡೈನಮೋ ಜಾರಿ ಮುಂದಿನ ಚಕ್ರದ ಕಡ್ಡಿಯೊಳಗ ಹೊಕ್ರ ಚಕ್ರ ಲಾಕ್ ಆಗಿ ನೀವು ಹ್ಯಾಂಡಲ್ ಮ್ಯಾಲಿಂದ ಮುಂದ ಬೀಳ್ತೀರಿ.

ಗಾಜಿನ ಒಳಗ ಮಂಜು ಕಟ್ಟೈತಿ

ನೀರು ಹೊಕ್ಕೈತಿ. ಮೊದಲು ಬಂದ್ ಮಾಡ್ರಿ, ಒಣಗೋತನ ಚಾರ್ಜಿಗೆ ಹಾಕಬ್ಯಾಡ್ರಿ. ಸೆಲ್ ಬಿಚ್ಚೋ ಹಂಗ ಇದ್ರ ತೆಗೀರಿ, ಪೋರ್ಟಿನ ರಬ್ಬರ್ ತೆಗೆದು ಕೆಳಮುಖ ಮಾಡಿ ಒಂದು ರಾತ್ರಿ ಫ್ಯಾನ್ ಮುಂದ ಇಡ್ರಿ. ಅಕ್ಕಿ ಡಬ್ಬಿಯೊಳಗ ಹೂಳೋದು ಬ್ಯಾಡ, ಗಂಗಾವತಿ ಸೋನಾ ಮಸೂರಿ ಆದ್ರೂ ಅದು ಅನ್ನಕ್ಕ ಇರೋದು, ಪಸಿ ಅಷ್ಟೇನು ಎಳೆಯಂಗಿಲ್ಲ, ಮ್ಯಾಲ ಪೋರ್ಟಿಗೆ ಹಿಟ್ಟು ತುಂಬ್ತೈತಿ. ಚಪ್ಪಲಿ ಡಬ್ಬಿಯಾಗ ಬರೋ ಸಿಲಿಕಾ ಜೆಲ್ ಚೀಟಿ ಇದ್ರ ಅದರ ಜೋಡಿ ಬಿಗಿ ಡಬ್ಬಿಯಾಗ ಇಡ್ರಿ, ಅದು ಕೆಲಸ ಮಾಡ್ತೈತಿ.

ಹೊಕ್ಕಿದ್ದು ಎಲ್ಲಿಂದ? ಹೆಚ್ಚಾಗಿ ಪೋರ್ಟಿನ ರಬ್ಬರ್ ಮುಚ್ಚಳ ಸರಿ ಕೂತಿರಂಗಿಲ್ಲ, ಇಲ್ಲಾ ಓ-ರಿಂಗಿನ (ನೀರು ತಡೆಯೋ ರಬ್ಬರ್ ಬಳಿ) ಮ್ಯಾಲ ಒಂದು ಕೂದಲು, ಒಂದು ಮರಳ ಕಾಳು. ಒರಸಿ ಸ್ವಲ್ಪ ಸಿಲಿಕಾನ್ ಗ್ರೀಸ್ ಸವರ್ರಿ. ಲೈಟು ಎಷ್ಟು ನೀರು ತಡಿತೈತಿ ಅಂತ ಡಬ್ಬಿ ಮ್ಯಾಲ ಬರ್ದಿರ್ತಾರ, ಐಪಿಎಕ್ಸ್4 ಅಂತ ಇದ್ರ ಅದು ಎರಚೋ ನೀರಿಗೆ ಅಷ್ಟ, ಐಪಿಎಕ್ಸ್7 ಅಂದ್ರ ಒಂದು ಮೀಟರ್ ನೀರಿನ್ಯಾಗ ಅರ್ಧ ತಾಸು. ಯಾವುದೇ ಇದ್ರೂ ವಾಟರ್ ಸರ್ವಿಸ್ ಪೈಪ್ ನೇರ ಹಿಡಿಯಬ್ಯಾಡ್ರಿ.

ಲೈಟ್ ಜೋರೈತಿ, ರಸ್ತಿ ಕಾಣಂಗಿಲ್ಲ, ಎದುರಿನೋರು ಬೈತಾರ

ಇದು ದೋಷ ಅಲ್ಲ, ಹಿಡಿದ ಕೋನ ತಪ್ಪು. ಲೈಟ್ ಒಂದು ಮೀಟರ್ ಎತ್ತರದಾಗ ಇದ್ರ, ಗೋಡಿಯಿಂದ ಐದು ಮೀಟರ್ ದೂರ ಸೈಕಲ್ ನಿಲ್ಲಿಸಿ, ಬೆಳಕಿನ ನಡುಭಾಗ ಗೋಡಿ ಮ್ಯಾಲ ಅರ್ಧ ಮೀಟರ್ ಎತ್ತರಕ್ಕ ಬೀಳೋ ಹಂಗ ಬಗ್ಗಿಸ್ರಿ. ಆಗ ರಸ್ತಿ ಮ್ಯಾಲ ಹತ್ತು ಮೀಟರ್ ಮುಂದ ಬೀಳ್ತೈತಿ. ತಾಸಿಗೆ 20 ಕಿ.ಮೀ. ವೇಗಕ್ಕ ಹತ್ತು ಮೀಟರ್ ಅಂದ್ರ ಎರಡು ಸೆಕೆಂಡೂ ಇಲ್ಲ. ಸಿಂಧನೂರು, ಕಾರಟಗಿ, ಸಿರುಗುಪ್ಪ ಕಡೆ ಸುಗ್ಗಿಯಾಗ ರಸ್ತಿ ಮ್ಯಾಲ ಭತ್ತ ಒಣಗಾಕ ಹಾಕಿ ಸುತ್ತ ಕಲ್ಲು ಇಟ್ಟಿರ್ತಾರ, ಹಿಂದಿನ ಲೈಟಿಲ್ಲದ ಟ್ರಾಲಿ ನಿಂತಿರ್ತಾವ, ಅಂಥಾ ದಾರಿಯಾಗ ಇನ್ನಷ್ಟು ಮೆಲ್ಲಕ ಹೋಗ್ಬೇಕು, ಲೈಟ್ ಮ್ಯಾಲೆತ್ತಿ ವೇಗ ಹೆಚ್ಚಿಸೋದಲ್ಲ.

ಅದಿರು ಲಾರಿ ಹೋದ ಮ್ಯಾಲಿನ ಕೆಂಪು ಧೂಳಿನ್ಯಾಗ, ಚಳಿಗಾಲದ ಕಾಲುವಿ ಮಂಜಿನ್ಯಾಗ ಜೋರು ಬೆಳಕು ನಮ್ಮ ಕಣ್ಣಿಗೇ ಹೊಳ್ಳಿ ಬರ್ತೈತಿ. ಆಗ ಮೋಡ್ ಕಡಿಮಿ ಮಾಡ್ರಿ, ಸಾಧ್ಯ ಇದ್ರ ಲೈಟನ್ನ ಫೋರ್ಕ್ ಹತ್ರ ಕೆಳಗ ಕಟ್ರಿ. ಹೆಲ್ಮೆಟ್ ಮ್ಯಾಲಿನ ಲೈಟು ಧೂಳಿನ್ಯಾಗ ಪೂರಾ ಕೆಟ್ಟದ್ದು.

ಗಾಜು ಮಬ್ಬಾಗಿದ್ರ ಮೊದಲು ನೀರಿಲೆ ಧೂಳು ತೊಳೀರಿ, ಆಮ್ಯಾಲ ಮೆತ್ತನ ಬಟ್ಟಿ. ಒಣ ಧೂಳು ತಿಕ್ಕಿದ್ರ ಗೀರು ಬೀಳ್ತಾವ. ಪೆಟ್ರೋಲು, ಥಿನ್ನರು ಮುಟ್ಟಿಸಬ್ಯಾಡ್ರಿ, ಪ್ಲಾಸ್ಟಿಕ್ ಬೆಳ್ಳಗ ಬಿರಿತೈತಿ.

ಹಿಂದಿನ ಲೈಟ್ ಐತಿ, ಆದ್ರ ಯಾರಿಗೂ ಕಾಣಂಗಿಲ್ಲ

ಇದನ್ನ ನಾವು ಸೀಟ್ ಮ್ಯಾಲ ಕೂತು ನೋಡಾಕ ಆಗಂಗಿಲ್ಲ, ಅದಕ್ಕ ಕೆಟ್ರೂ ಗೊತ್ತಾಗಂಗಿಲ್ಲ. ಮನಿಯವರನ್ನ ಸೈಕಲ್ ಮ್ಯಾಲ ಕೂಡಿಸಿ, ಊಟದ ಡಬ್ಬಿ ಚೀಲ ಕ್ಯಾರಿಯರಿಗೆ ಹಾಕಿ, ಐವತ್ತು ಹೆಜ್ಜಿ ಹಿಂದ ಹೋಗಿ ನೋಡ್ರಿ. ಚೀಲ, ಟವೆಲ್, ರೇನ್‌ಕೋಟ್ ಲೈಟ್ ಮುಚ್ಚಿರ್ತಾವ. ಬ್ಲಿಂಕ್ ದೂರದಿಂದ ಕಣ್ಣಿಗೆ ಬೀಳ್ತೈತಿ ಖರೆ, ಆದ್ರ ಎಷ್ಟು ದೂರ ಐತಿ ಅನ್ನೋದು ಹಿಂದಿನ ಡ್ರೈವರಿಗೆ ತಿಳಿಯಂಗಿಲ್ಲ, ಅದಕ್ಕ ಒಂದು ಖಾಯಂ ಉರಿಯೋ ಕೆಂಪು ಲೈಟು, ಜೋಡಿಗೆ ಕೆಂಪು ರಿಫ್ಲೆಕ್ಟರ್ ಇರಲಿ. ರಿಫ್ಲೆಕ್ಟರಿಗೆ ಸೆಲ್ ಬೇಕಿಲ್ಲ, ಒರಸೋದಷ್ಟ.

ಹೊಸದ ತಗೊಳ್ಳೋದು ಅಂತ ಆದ್ರ

ಬೀದಿ ದೀಪ ಇರೋ ಊರೊಳಗ ಖರೇ 100-200 ಲ್ಯೂಮೆನ್ ಸಾಕು. ಕತ್ತಲ ಕಾಲುವಿ ದಾರಿಗೆ 400-600. ಅದಕ್ಕಿಂತ ಹೆಚ್ಚು ಬೇಕಾಗೋದು ಜೋರಾಗಿ ಹೊಡಿಯೋರಿಗೆ. ಲ್ಯೂಮೆನ್ನಿಗಿಂತ ಬೆಳಕಿನ ಆಕಾರ ಮುಖ್ಯ, ಮ್ಯಾಲ ಕತ್ತರಿಸಿದಂಗ ಗೆರಿ ಇರೋ ಲೈಟು ರಸ್ತಿ ಮ್ಯಾಲ ಬೆಳಕು ಹಾಕ್ತೈತಿ, ಎದುರಿನೋರ ಕಣ್ಣಿಗಲ್ಲ. ಜರ್ಮನಿಯ ಎಸ್‌ಟಿವಿಝಡ್‌ಒ ನಿಯಮದ ಪ್ರಕಾರ ಮಾಡಿದ ಲೈಟು ಈ ನಮೂನಿವ. ಸೆಲ್ ಬದಲಿಸೋ ಹಂಗ ಇದ್ರ ಎರಡು ಮೂರು ವರ್ಷ ಆದ ಮ್ಯಾಲ ಸೆಲ್ ಅಷ್ಟ ಬದಲಿಸಿದ್ರ ಆತು, ಪೂರಾ ಸೀಲ್ ಇರೋದು ಸೆಲ್ ಸತ್ತ ದಿನ ಕಸ. ಬಿಳಿ ಬೆಳಕಿನ್ಯಾಗ ತೀರ ನೀಲಿ ಅನಿಸೋದು ಬ್ಯಾಡ, 4000-5000 ಕೆಲ್ವಿನ್ (ಬೆಳಕಿನ ಬಣ್ಣದ ಅಳತಿ) ನಮ್ಮ ಧೂಳಿನ ದಾರಿಗೆ ಕಣ್ಣಿಗೆ ಹಿತ.

ಅಂಗಡಿಯಾಗ ಜೋರು ಮೋಡ್‌ಗೆ ಹಚ್ಚಿ ಐದು ನಿಮಿಷ ಮಾತಾಡ್ಕೊಂತ ನಿಲ್ರಿ, ಆಮ್ಯಾಲ ಮೈ ಮುಟ್ಟಿ ನೋಡ್ರಿ. ಲೋಹದ ಮೈ ಬೆಚ್ಚಗಾಗಿದ್ರ ಎಲ್‌ಇಡಿ ಶಾಖ ಹೊರಗ ಬರಾಕತ್ತೈತಿ ಅಂತ. 1000 ಲ್ಯೂಮೆನ್ ಅಂತ ಹೇಳೋ ಲೈಟು ಐದು ನಿಮಿಷಕ್ಕೂ ತಣ್ಣಗ ಇದ್ರ, ಒಂದ ಅಷ್ಟು ಬೆಳಕ ಅದರಾಗ ಇಲ್ಲ, ಇಲ್ಲಾ ಶಾಖ ಒಳಗ ಉಳಿದು ಎಲ್‌ಇಡಿ ಸುಡಾಕತ್ತೈತಿ. ಎರಡ್ರಾಗ ಯಾವುದಾದ್ರೂ ಆ ಲೈಟ್ ಅಲ್ಲೇ ಬಿಟ್ಟು ಬರ್ರಿ.